ಗಣಿ ನಿಂತ ಊರಿಗೆ ಜೀಪಿನ ದಾರಿ

ಮಳೆಗಾಲ ಮುಗಿದು ಅರೇಬಿಕಾ ಕಾಫಿ ಹಣ್ಣಾಗುವ ಹೊತ್ತಿಗೆ ಚಿಕ್ಕಮಗಳೂರು ಬಳಿಯ ವಸ್ತಾರೆಯ ರಸ್ತೆಯಲ್ಲಿ ಶನಿವಾರ ಬೆಳಿಗ್ಗೆ ಜೀಪುಗಳು ಸಾಲುಗಟ್ಟುತ್ತವೆ. ದಪ್ಪ ಟಯರು, ಮೇಲೆ ಕ್ಯಾರಿಯರು, ಮುಂದೆ ವಿಂಚು. ಟೀ ಕುಡಿಯಲು ನಿಲ್ಲಿಸಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಕುದುರೆಮುಖದಲ್ಲಿ ಪಾಳುಬಿದ್ದ ಗಣಿ ಊರು ಇದೆಯಂತಲ್ಲ ಸಾರ್, ಆಫ್‌ರೋಡ್ ಮಾಡ್ಕೊಂಡು ಒಳಗೆಲ್ಲ ಹೋಗಬಹುದಾ?”

ಊರಿಗೆ ಹೋಗಬಹುದು, ಆದರೆ ಅದು ಡಾಂಬರು ರಸ್ತೆ. ಜೀಪನ್ನು ಫೋರ್‌ವೀಲ್‌ಗೆ ಹಾಕಬೇಕಾದ ದಾರಿ ಬೇರೆ. ಅದು ಸಂಸೆ ಹತ್ತಿರದ ಬಾಳ್ಗಲ್ಲಿನಿಂದ ಮುಳ್ಳೋಡಿಗೆ ಏರುತ್ತದೆ. ಗಣಿ ತೋಡಿದ ಗುಡ್ಡಕ್ಕೆ, ಲಕ್ಯಾ ಅಣೆಕಟ್ಟಿಗೆ, ಹುಲ್ಲುಗಾವಲಿಗೆ ಗಾಡಿ ಹತ್ತಿಸುವ ಹಾಗಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಬೇಕಾದರೆ ಆ ಊರು ಹೇಗೆ ಕೆಲಸ ಮಾಡುತ್ತಿತ್ತು ಎಂಬಲ್ಲಿಂದಲೇ ಶುರುಮಾಡಬೇಕು. ಅದು ಗೊತ್ತಿಲ್ಲದೆ ಹೋದವರಿಗೆ ಕಾಣುವುದು ಪಾಚಿ ಹಿಡಿದ ಗೋಡೆ, ಬೀಗ ಜಡಿದ ಕ್ವಾರ್ಟರ್ಸು ಅಷ್ಟೇ.

ಕುದುರೆಮುಖ ಪಟ್ಟಣ ನಿಂತಿರುವ ಜಾಗದ ಹಳೆಯ ಹೆಸರು ಮಲ್ಲೇಶ್ವರ. ಇಲ್ಲಿಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ ಎಂದು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್. ಅದಾಗಿ ಅರವತ್ತು ವರ್ಷ ಆ ಅದಿರನ್ನು ಯಾರೂ ದೊಡ್ಡದಾಗಿ ಕೀಳಲಿಲ್ಲ. ಕಾರಣ ಸರಳ. ಇದು ಬಳ್ಳಾರಿಯ ಅದಿರಿನ ಹಾಗೆ ಅಗೆದು ಲಾರಿಗೆ ತುಂಬಿ ಕಳಿಸುವಂಥದ್ದಲ್ಲ. ಕಲ್ಲಿನ ಜೊತೆ ಬೆರೆತ ಮ್ಯಾಗ್ನೆಟೈಟ್. ಕಬ್ಬಿಣದ ಅಂಶ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಕಲ್ಲನ್ನು ಹಿಟ್ಟು ಮಾಡಿ ಕಬ್ಬಿಣವನ್ನು ಬೇರ್ಪಡಿಸದೆ ಮಾರಲು ಬರುವುದಿಲ್ಲ. ಅದಕ್ಕೆ ಬೇಕಾದ ದುಡ್ಡು ಬಂದದ್ದು ಇರಾನಿನಿಂದ. 1975ರಲ್ಲಿ ಅಲ್ಲಿನ ಷಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಜೊತೆಗೆ ವರ್ಷಕ್ಕೆ 75 ಲಕ್ಷ ಟನ್ ಶುದ್ಧೀಕರಿಸಿದ ಅದಿರನ್ನು ಇರಾನೇ ಕೊಂಡುಕೊಳ್ಳಬೇಕು ಎಂಬ ಕರಾರು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ಮನೆ, ಶಾಲೆ, ಆಸ್ಪತ್ರೆ, ಆಟದ ಮೈದಾನ ಎದ್ದವು. 1980ರಲ್ಲಿ ಗಣಿ ಕೆಲಸಕ್ಕೆ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದರು. ಸಾಲದಲ್ಲಿ ಬಂದದ್ದು 25.5 ಕೋಟಿ ಡಾಲರ್ ಮಾತ್ರ, ಕೊಳ್ಳುವವರೂ ಇಲ್ಲ. ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡಿತು. ನುಣ್ಣನೆಯ ಪುಡಿಯನ್ನು ಉಂಡೆ ಕಟ್ಟಿ ಸುಡುವ ಪೆಲೆಟ್ ಕಾರ್ಖಾನೆ 1987ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು.

ಈಗ ಕೆಲಸದ ಬಗೆ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರು. ಸಿಡಿಸಿದ ಬಂಡೆ ಡಂಪರುಗಳಲ್ಲಿ ಕ್ರಷರಿಗೆ, ಅಲ್ಲಿಂದ ಗಿರಣಿಗೆ. ಗಿರಣಿಯಲ್ಲಿ ನೀರು ಹಾಕಿ ಅರೆಯುತ್ತಿದ್ದರು. ದೋಸೆ ಹಿಟ್ಟು ರುಬ್ಬುವಾಗ ನೀರು ಹಾಕುತ್ತಾ ಹೋಗುತ್ತೇವಲ್ಲ, ಹಾಗೆ. ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಅಂಟುತ್ತದೆ, ಕಲ್ಲಿನ ಪುಡಿ ಅಂಟುವುದಿಲ್ಲ. ತಿರುಗುವ ಅಯಸ್ಕಾಂತದ ಡ್ರಮ್ಮುಗಳ ಮೇಲೆ ಆ ರಾಡಿಯನ್ನು ಹಾಯಿಸಿದರೆ ಕಬ್ಬಿಣ ಒಂದು ಕಡೆ, ಕಲ್ಲು ಇನ್ನೊಂದು ಕಡೆ. ಹೀಗೆ ಶೇ 67ರಷ್ಟು ಕಬ್ಬಿಣವಿರುವ ಕಪ್ಪು ರಾಡಿ ಸಿದ್ಧವಾಗುತ್ತಿತ್ತು. ಇದನ್ನು ಲಾರಿಯಲ್ಲಾಗಲಿ ರೈಲಿನಲ್ಲಾಗಲಿ ಸಾಗಿಸಲಿಲ್ಲ. ಘಟ್ಟದ ಮೇಲಿಂದ ಮಂಗಳೂರಿನ ಪಣಂಬೂರಿನವರೆಗೆ 67 ಕಿ.ಮೀ. ಉದ್ದದ ಕೊಳವೆ ಹಾಕಿದರು. ಮೇಲೆ ಬಿಟ್ಟ ರಾಡಿ ಇಳಿಜಾರಿನ ಬಲದಿಂದಲೇ ಸಮುದ್ರ ತೀರ ತಲುಪುತ್ತಿತ್ತು. ಅಲ್ಲಿ ನೀರು ಸೋಸಿ ಒಣಪುಡಿಯನ್ನು ಹಡಗಿಗೆ ತುಂಬುತ್ತಿದ್ದರು. ಎಂಜಿನಿಯರಿಂಗ್ ಕೆಲಸವಾಗಿ ನೋಡಿದರೆ ಇದೊಂದು ಬೆರಗು. ಬೆಟ್ಟವೇ ಕರಗಿ ಕೊಳವೆಯಲ್ಲಿ ಹರಿದು ಕಡಲು ಸೇರಿದ ಹಾಗೆ.

ಉಳಿದ ಕಲ್ಲಿನ ಪುಡಿ ಎಲ್ಲಿ ಹೋಯಿತು? 75 ಲಕ್ಷ ಟನ್ ಮಾಲು ತೆಗೆಯಬೇಕಾದರೆ ಎರಡು ಕೋಟಿ ಟನ್ನಿಗೂ ಹೆಚ್ಚು ಬಂಡೆ ಒಡೆಯಬೇಕು. ಮೂರರಲ್ಲಿ ಎರಡು ಪಾಲು ಕಸ. ಅದನ್ನು ಹಿಡಿದಿಡಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟು ಕಟ್ಟಿ, ಹಂತಹಂತವಾಗಿ 100 ಮೀಟರ್ ಎತ್ತರಕ್ಕೆ ಏರಿಸಿದರು. ನೀರಾವರಿಗಾಗಲಿ ವಿದ್ಯುತ್ತಿಗಾಗಲಿ ಕಟ್ಟಿದ ಅಣೆಕಟ್ಟಲ್ಲ ಅದು. ಗಣಿಯ ಹೂಳು ಅದರ ಹಿಂದೆ ಇಂದಿಗೂ ಕೂತಿದೆ. ಈ ಪಟ್ಟಣದ ಅತಿ ದೊಡ್ಡ ಕುರುಹು ಪಾಳು ಮನೆಗಳಲ್ಲ, ಆ ಹೂಳು.

ಹೊಳೆಗೆ ಇಳಿದದ್ದು ಬೇರೆ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಹುಲ್ಲು ಸುಲಿದ ಮಣ್ಣು ಇಂಥ ಮಳೆಯಲ್ಲಿ ನಿಲ್ಲುವುದಿಲ್ಲ. ಪರಿಸರ ವಿಜ್ಞಾನಿ ಜಗದೀಶ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರಾ ಹೊಳೆಯ ಹೂಳನ್ನು ಅಳೆದಾಗ, ಜಲಾನಯನದ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿದ್ದ ಗಣಿಯಿಂದ ಒಟ್ಟು ಹೂಳಿನ ಅರ್ಧಕ್ಕಿಂತ ಹೆಚ್ಚು ಬರುತ್ತಿತ್ತು ಎಂದು ಕಂಡಿತು. ಆ ಹೊಳೆಯ ನೀರೇ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ ಹೋಗಿ ಶಿವಮೊಗ್ಗ, ದಾವಣಗೆರೆಯ ಗದ್ದೆಗೆ ಹಾಯುವುದು. ಗಣಿಯ ಸುತ್ತಲಿನ ಕಾಡಿಗೆ 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಗಿತ್ತು. ಸಿಂಗಳೀಕಗಳ ಕುರಿತು ಉಲ್ಲಾಸ ಕಾರಂತರು ನಡೆಸಿದ ಅಧ್ಯಯನ ಅದಕ್ಕೆ ಬಲ ಕೊಟ್ಟಿತ್ತು. 1969ರಲ್ಲಿ ಕೊಟ್ಟ ಮೂವತ್ತು ವರ್ಷದ ಗಣಿ ಗುತ್ತಿಗೆ 1999ಕ್ಕೆ ಮುಗಿದರೂ ಗಣಿಗಾರಿಕೆ ನಿಲ್ಲಲಿಲ್ಲ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕು. ಡಿಸೆಂಬರ್ 31ಕ್ಕೆ ನಿಂತಿತು. ಮಂಗಳೂರಿನ ಪೆಲೆಟ್ ಕಾರ್ಖಾನೆ ಹೊರಗಿನಿಂದ ತಂದ ಅದಿರು ನೆಚ್ಚಿಕೊಂಡು ಮುಂದುವರಿಯಿತು, ಊರು ಖಾಲಿಯಾಗುತ್ತಾ ಬಂತು.

ಕೆಲಸ ಕಳೆದುಕೊಂಡವರ ನೋವು ಸಣ್ಣದಲ್ಲ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ‘ನಮ್ಮೂರು’ ಎಂದು ತೋರಿಸಲು ಮುಚ್ಚಿದ ಬಾಗಿಲುಗಳಷ್ಟೇ ಉಳಿದಿವೆ. ಹಾಗೆಂದು ಅದು ಪೂರ್ತಿ ನಿರ್ಜನವೂ ಅಲ್ಲ; ಜನ ಇದ್ದಾರೆ, ಬಸ್ಸು ಬರುತ್ತದೆ. ಆದ್ದರಿಂದ ಕಿಟಕಿ ಮುರಿದ ಮನೆ ಕಂಡಿತೆಂದು ಒಳಗೆ ನುಗ್ಗಿ ವಿಡಿಯೊ ಮಾಡಬೇಡಿ. ಅಷ್ಟು ಮಳೆ ತಿಂದ ಸೂರು ಯಾವಾಗ ಕುಸಿಯುತ್ತದೋ ಹೇಳಲಾಗದು, ಮತ್ತೆ ಅದು ಯಾರದ್ದೋ ನೆನಪಿನ ಮನೆ. ನಮೀಬಿಯಾದ ಮರುಭೂಮಿಯಲ್ಲಿ ಕೋಲ್ಮನ್‌ಸ್ಕಾಪ್ ಎಂಬ ವಜ್ರದ ಗಣಿಯ ಊರಿದೆ. 1956ರ ಹೊತ್ತಿಗೆ ಜನ ಬಿಟ್ಟುಹೋದ ಆ ಊರಿಗೆ ಈಗ ಅನುಮತಿ ಚೀಟಿ ಪಡೆದೇ ಹೋಗಬೇಕು. ಮನೆಗಳೊಳಗೆ ಮರಳು ತುಂಬಿರುವುದನ್ನು ನೋಡಲು ಜಗತ್ತಿನ ಮೂಲೆಮೂಲೆಯಿಂದ ಬರುತ್ತಾರೆ. ಇಲ್ಲಿ ಹಾಗೆ ಒಳಹೊಕ್ಕು ನೋಡುವ ಏರ್ಪಾಡಿಲ್ಲ. ಪಟ್ಟಣದ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿ, ತೆರೆದಿರುವ ಅಂಗಡಿಯಲ್ಲಿ ಕಾಫಿ ಕುಡಿದು, ಅಲ್ಲಿಯವರು ಮಾತಿಗೆ ಸಿಕ್ಕರೆ ಕೇಳಿಸಿಕೊಳ್ಳಿ. ಅವರಿಗಿಂತ ಒಳ್ಳೆಯ ಗೈಡ್ ಬೇರೆ ಸಿಗುವುದಿಲ್ಲ.

ದಾರಿ ಹೀಗೆ. ವಸ್ತಾರೆಯಿಂದ ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ ಮೇಲೆ ಕಳಸ. ಮೂಡಿಗೆರೆಯಿಂದಾದರೆ ಕೊಟ್ಟಿಗೆಹಾರದ ಮೇಲೆ ಕಳಸ. ಡೀಸೆಲ್, ನಗದು, ಊಟ ಎಲ್ಲವನ್ನೂ ಕಳಸದಲ್ಲೇ ಮುಗಿಸಿಕೊಳ್ಳಿ. ಮುಂದೆ ಫೋನಿನ ಸಿಗ್ನಲ್ಲನ್ನೂ ನಂಬುವ ಹಾಗಿಲ್ಲ, ಮನೆಯವರಿಗೆ ಹೇಳುವುದನ್ನು ಅಲ್ಲೇ ಹೇಳಿಬಿಡಿ. ಸಂಸೆ ದಾಟಿದರೆ ಕುದುರೆಮುಖ. ಅಲ್ಲಿಂದ ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ಕಡೆ ಹೊರಟವರಿಗೆ ಬಸ್ರಿಕಲ್ಲಿನಲ್ಲಿ ಅರಣ್ಯ ಇಲಾಖೆಯ ಗೇಟು. ಹೆಸರು, ಗಾಡಿ ನಂಬರು, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಕಾರ್ಕಳದ ಕಡೆ ಮಾಳ, ಶೃಂಗೇರಿಯ ಕಡೆ ತನಿಕೋಡು. ಎತ್ತ ಹೋದರೂ ಆಚೆಯ ಗೇಟಿನಲ್ಲಿ ಆ ಚೀಟಿ ನೋಡುತ್ತಾರೆ. ತೀರಾ ತಡವಾಗಿ ತಲುಪಿದರೆ ನಡುವೆ ಎಲ್ಲೋ ಇಳಿದು ಕಾಡು ಹೊಕ್ಕಿದ್ದೀರಿ ಎಂದೇ ಅರ್ಥ. ಸಂಜೆ ಆರರೊಳಗೆ ದಾಟಿಬಿಡುವ ಹಾಗೆ ಹೊರಡಿ. ಕತ್ತಲೆಯಲ್ಲಿ ಆ ರಸ್ತೆ ಕಾಟಿಗಳದ್ದು, ಕಡವೆಗಳದ್ದು.

ಜೀಪಿನ ದಾರಿಗೆ ಬರೋಣ. ಕುದುರೆಮುಖ ಶಿಖರ 1,894 ಮೀಟರ್. ಅದಕ್ಕೆ ಚಾರಣ ಶುರುವಾಗುವುದು ಮುಳ್ಳೋಡಿಯಿಂದ. ಬಾಳ್ಗಲ್ಲಿನಿಂದ ಮುಳ್ಳೋಡಿಗೆ ಸುಮಾರು 6 ಕಿ.ಮೀ.; ಕಲ್ಲು, ಕೊರಕಲು, ಹಳ್ಳ, ಕೆಸರು. ಸ್ವಂತ ಗಾಡಿಯನ್ನು ಕೆಳಗೇ ಬಿಟ್ಟು ಸ್ಥಳೀಯರ ಜೀಪು ಹತ್ತುವುದು ಇಲ್ಲಿಯ ರೂಢಿ, ಒಳ್ಳೆಯದೂ ಹೌದು. ಯಾವ ಕಲ್ಲಿನ ಮೇಲೆ ಎಡಚಕ್ರ ಇಡಬೇಕು ಎಂದು ದಿನಾ ಓಡಿಸುವವರಿಗೆ ಗೊತ್ತು. ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಕಾದಿರಿಸಬೇಕು. ಅಲ್ಲಿ ಹೋಗಿ ಕೇಳಿದರೆ ಆಗುವ ಕೆಲಸವಲ್ಲ.

ಆ ಡ್ರೈವರುಗಳು ಮಾಡುವುದನ್ನು ಸ್ವಲ್ಪ ಗಮನಿಸಿ. ಡಾಂಬರಿನ ಮೇಲೆ ಅವರು ಎಂದೂ ಫೋರ್‌ವೀಲ್ ಹಾಕುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಗಟ್ಟಿ ನೆಲದಲ್ಲಿ ಸ್ಟೇರಿಂಗ್ ಬಿಗಿಯುತ್ತದೆ, ಗೇರಿನ ಹಲ್ಲು ಸವೆಯುತ್ತದೆ. ಕೆಸರಿನಲ್ಲಿ ಚಕ್ರ ಕೊಂಚ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಕಲ್ಲಿನ ಏರು ಬಂದ ಕೂಡಲೇ ಲೋ ಗೇರ್. ವೇಗ ಇಳಿಯುತ್ತದೆ, ಎಳೆತ ಹೆಚ್ಚುತ್ತದೆ. ಎಂಜಿನ್ ಗುರುಗುಟ್ಟುತ್ತಾ ಗಾಡಿಯನ್ನು ನಡೆದುಕೊಂಡು ಹೋದ ಹಾಗೆ ಹತ್ತಿಸುತ್ತದೆ. ಇಳಿಯುವಾಗ ಇದಕ್ಕಿಂತ ಮುಖ್ಯ: ಲೋ ಗೇರಿನ ಒಂದನೇ ಗೇರಿಗೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದುಬಿಡುತ್ತಾರೆ, ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಹೊಸಬರು ಹೆದರಿ ಬ್ರೇಕ್ ಒತ್ತಿದಾಗ ಚಕ್ರ ನಿಲ್ಲುತ್ತದೆ, ಆದರೆ ಗಾಡಿ ಜಾರುತ್ತಲೇ ಇರುತ್ತದೆ. ಎದುರು ಗಾಡಿ ಬಂದರೆ ಹತ್ತುವವರಿಗೆ ದಾರಿ ಬಿಡಬೇಕು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು ಕಷ್ಟ. ನಮ್ಮ ತೋಟಗಳಲ್ಲಿ ಮಳೆಗಾಲಕ್ಕೆ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟಿಕೊಂಡು ಓಡಿಸುವುದು ಹಳೆಯ ಕ್ರಮ. ಚೈನು ಕೆಸರನ್ನು ಕಚ್ಚುತ್ತದೆ, ಹಾಗೆಯೇ ದಾರಿಯನ್ನು ಅಗೆಯುತ್ತದೆ. ಅದು ತೋಟದ ಸ್ವಂತ ದಾರಿಗೆ ಸರಿ.

ಹುಲ್ಲುಗುಡ್ಡಕ್ಕೆ ಏಕೆ ಹತ್ತಿಸಬಾರದು ಎಂಬುದು ಇಲ್ಲಿಗೆ ಬಂತು. ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಹುಲ್ಲಿನ ಬೇರು ಮಣ್ಣನ್ನು ಚಾಪೆಯ ಹಾಗೆ ಹಿಡಿದಿರುತ್ತದೆ, ಬಿದ್ದ ಮಳೆ ಮೆಲ್ಲಗೆ ಇಂಗಿ ಹಳ್ಳಕ್ಕೆ ಬರುತ್ತದೆ. ಜೀಪಿನ ಚಕ್ರ ಒಮ್ಮೆ ತಿರುಗಿ ಜಾರಿದರೆ ಆ ಚಾಪೆ ಹರಿಯುತ್ತದೆ. ಗೇಣುದ್ದದ ಆ ಗೀರು ಮುಂದಿನ ಜೂನ್‌ನಲ್ಲಿ ನೀರಿನ ಕಾಲುವೆ, ಮರುವರ್ಷ ಕೊರಕಲು. ಗಣಿಯಿಂದ ಭದ್ರೆಗೆ ಮಣ್ಣು ಇಳಿದದ್ದು ಇದೇ ಬಗೆಯಲ್ಲಿ. ಅಳತೆ ದೊಡ್ಡದಿತ್ತು ಅಷ್ಟೇ. ಒಂದು ಊರಿನ ಅನ್ನವನ್ನೇ ನಿಲ್ಲಿಸಿ ಉಳಿಸಿಕೊಂಡ ಬೆಟ್ಟವನ್ನು ಭಾನುವಾರದ ಮೋಜಿಗೆ ಕೆದಕುವುದು ಅನ್ಯಾಯ. ಕಾನೂನೂ ಸುಮ್ಮನಿಲ್ಲ: ಅನುಮತಿ ಇಲ್ಲದೆ ರಾಷ್ಟ್ರೀಯ ಉದ್ಯಾನ ಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಆಗಬಹುದು.

ಹೋಗುವುದಾದರೆ ಮಳೆ ನಿಂತ ಮೇಲೆ ಹೋಗಿ, ಬೆಂಕಿಗಾಲ ಶುರುವಾಗುವ ಮೊದಲು. ನಡೆಯುವವರು ಇಂಬಳಕ್ಕೆ ಉಪ್ಪು ಇಟ್ಟುಕೊಳ್ಳಿ. ತಂದ ಪ್ಲಾಸ್ಟಿಕ್ಕನ್ನು ವಾಪಸು ಕಳಸಕ್ಕೆ ತನ್ನಿ. ಊರಿನ ಆಚೆ ದೂರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟದ ಮೈ ಕಂಡರೆ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ನಿಂತು ನೋಡಿ. ಚಕ್ರವನ್ನು ಹುಲ್ಲಿಗೆ ಇಳಿಸಬೇಡಿ.