ಪಹರೆಯವನಿಗೆ ಯಾವ ಕೀಲಿಕೈ?

ನಮ್ಮ ಸಂಬಳ, ರಜೆ, ಭವಿಷ್ಯನಿಧಿಗಳ ಲೆಕ್ಕವೆಲ್ಲ ಈಗ ದಪ್ಪ ಖಾತೆಪುಸ್ತಕಗಳನ್ನು ಬಿಟ್ಟು ಗಣಕಯಂತ್ರದ ಡೇಟಾಬೇಸನ್ನು ಸೇರಿದೆ. ಆ ಯಂತ್ರ ನಿಂತಿತೇ, ನಿಧಾನವಾಯಿತೇ ಎಂದು ಹಗಲಿರುಳೂ ನೋಡುತ್ತಿರಲು ಇನ್ನೊಂದು ಕಾವಲು ಪ್ರೋಗ್ರಾಂ ಇರುತ್ತದೆ. ಒಳಹೊಕ್ಕು ನೋಡಲು ಅದಕ್ಕೂ ಒಂದು ಹೆಸರು, ಒಂದು ಪಾಸ್‌ವರ್ಡ್ ಬೇಕು.

ನಾವು ಎಡವುವುದು ಇಲ್ಲಿಯೇ. ಕೆಲಸ ಬೇಗ ಮುಗಿಯಲೆಂದು ಮುಖ್ಯಾಧಿಕಾರಿಯ ಪಾಸ್‌ವರ್ಡನ್ನೇ ಅದಕ್ಕೆ ಕೊಟ್ಟುಬಿಡುತ್ತೇವೆ. ಗೋದಾಮಿನ ಬೀಗ ಎಳೆದು ನೋಡುವ ಪಹರೆಯವನ ಕೈಗೆ ತಿಜೋರಿಯ ಕೀಲಿಕೈ ಕೊಟ್ಟ ಹಾಗಾಯಿತು. ಪಹರೆಯವನು ಪ್ರಾಮಾಣಿಕನೇ ಇರಬಹುದು. ಅವನ ಜೇಬಿಗೆ ಕೈ ಹಾಕುವವನು ಹಾಗಿರಬೇಕಲ್ಲ!

ಆದುದರಿಂದ ಮೂರು ಮಾತು ನೆನಪಿಡತಕ್ಕದ್ದು.

ಒಂದು: ಕಾವಲಿಗೆ ಪ್ರತ್ಯೇಕ ಹೆಸರಿರಲಿ, ನೋಡುವ ಹಕ್ಕು ಮಾತ್ರವಿರಲಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ 2017ರ 10ನೆಯ ಆವೃತ್ತಿಯಿಂದ ಇದಕ್ಕೆಂದೇ ‘ಪಿಜಿ ಮಾನಿಟರ್’ ಎಂಬ ಅಧಿಕಾರವಿದೆ. ಅದರಿಂದ ಯಂತ್ರದ ನಾಡಿ ನೋಡಬಹುದು. ಸಂಬಳದ ಪಟ್ಟಿಯನ್ನು ತೆರೆಯುವ ಹಕ್ಕು ಬಾರದು.

ಎರಡು: ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿ ಬರೆಯಕೂಡದು. ಅದೇ ಯಂತ್ರದಲ್ಲಿ ಕೆಲಸ ಮಾಡುವ ಇತರರು, ಏನೇನು ನಡೆಯುತ್ತಿದೆಯೆಂದು ‘ಪಿಎಸ್’ ಆಜ್ಞೆಯಿಂದ ಕೇಳಿದರೆ, ಅದು ಕಣ್ಣಿಗೆ ಬೀಳಬಹುದು. ‘ಪಿಜಿಪಾಸ್’ ಕಡತದಲ್ಲಿಟ್ಟು, ಒಡೆಯನೊಬ್ಬನೇ ಓದುವಂತೆ 0600 ಎಂಬ ಅನುಮತಿ ಕೊಡಬೇಕು. ಲಿನಕ್ಸ್ ಯಂತ್ರಗಳಲ್ಲಿ ಅನುಮತಿ ಇದಕ್ಕಿಂತ ಸಡಿಲವಾದರೆ ಪೋಸ್ಟ್‌ಗ್ರೆಸ್ ಆ ಕಡತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೂರು: ಪಾಸ್‌ವರ್ಡ್ ಬಲ್ಲವರು ಕೆಲಸ ಬಿಟ್ಟ ದಿನವೇ ಅದು ಬದಲಾಗಬೇಕು.

ಇಂಥ ಕೆಲಸ ಪಾಲಿಗೆ ಬಂದ ಬಂಧುಗಳು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಬೇಕಾದುದಕ್ಕಿಂತ ಹೆಚ್ಚು ಕೊಟ್ಟಿದ್ದೇವೆಯೇ? ಅಲ್ಲಿರುವುದು ನಮ್ಮಂಥವರ ದುಡಿಮೆಯ ಲೆಕ್ಕ.