ಜೀರ್ಣೋದ್ಧಾರವೋ, ಬಿಡಿಭಾಗವೋ?

ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯು 1950ರಲ್ಲಿ ತಯಾರಿಸತೊಡಗಿದ ವ್ಯಾನನ್ನು ವೆಸ್ಟ್‌ಫಾಲಿಯಾ ಸಂಸ್ಥೆಯು ಚಲಿಸುವ ಮನೆಯನ್ನಾಗಿ ಮಾರ್ಪಡಿಸಿತು. ಒಳಗೆ ಕಪಾಟು, ಬಿಡಿಸಿದರೆ ಹಾಸಿಗೆಯಾಗುವ ಆಸನ; ಮೇಲೆ, ಎತ್ತಿದರೆ ಗುಡಾರವಾಗುವ ಚಾವಣಿ. ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಎರಡನೆಯ ಪೀಳಿಗೆಯ ಇಂಥ ಎಷ್ಟೋ ವ್ಯಾನುಗಳು ಯುರೋಪು, ಅಮೆರಿಕಗಳ ಹಿತ್ತಿಲುಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಜಂಗಮವಾಗಿರಬೇಕಾದುದು ಸ್ಥಾವರವಾಗಿದೆ. ಹೊರನಾಡಿನಲ್ಲಿ ನೆಲೆಸಿದ ನಮ್ಮ ಬಂಧುಗಳು ಅಂಥದೊಂದನ್ನು ಕೊಳ್ಳಬಯಸಿದರೆ ಮೊದಲು ನಿರ್ಣಯಿಸಬೇಕಾದುದು ಒಂದೇ: ಇದು ಜೀರ್ಣೋದ್ಧಾರಕ್ಕೆ ಯೋಗ್ಯವೋ, ಬಿಡಿಭಾಗಗಳಿಗೆ ಮಾತ್ರವೋ?

ಹಲವರು ಬಣ್ಣವನ್ನು ನೋಡುತ್ತಾರೆ, ಎಂಜಿನ್ನಿನ ಸದ್ದನ್ನು ಕೇಳುತ್ತಾರೆ. ಇದು ಸರಿಯಾದ ಕ್ರಮವಲ್ಲ. ಹಿಂಬದಿಯ ಎಂಜಿನ್ನನ್ನು ಇಳಿಸಿ ದುರಸ್ತಿ ಮಾಡಬಹುದು, ಬದಲಿಸಲೂಬಹುದು. ಆದರೆ ಈ ವ್ಯಾನಿನಲ್ಲಿ ತಳದ ತೊಲೆಗಳೂ ಮೈಯೂ ಒಂದಾಗಿ ಬೆಸೆದುಕೊಂಡಿವೆ; ಅಲ್ಲಿಯ ಉಕ್ಕು ಕೊಳೆತರೆ ಆಧಾರವೇ ಕುಸಿಯುತ್ತದೆ. ಆದ್ದರಿಂದ ಮೊದಲು ನೆಲಕ್ಕೆ ಬಾಗಿ ಕೆಳಗನ್ನು ನೋಡಬೇಕು. ಬಾಗಿಲುಗಳ ಕೆಳಗಿನ ಅಂಚು, ಚಕ್ರಗಳ ಕಮಾನು, ಜಾಕ್ ಕೊಡುವ ಜಾಗ, ಬ್ಯಾಟರಿಯ ತಟ್ಟೆ, ಮುಂಗಾಜಿನ ಚೌಕಟ್ಟು, ಮಳೆನೀರಿನ ದೋಣಿ ಇವು ತುಕ್ಕಿನ ತವರುಗಳು. ಅಯಸ್ಕಾಂತವನ್ನು ಆಡಿಸಿ ನೋಡಿದರೆ, ಅದು ಅಂಟದ ಕಡೆ ಬಣ್ಣದಡಿ ಇರುವುದು ಉಕ್ಕಲ್ಲ, ತುಂಬಿದ ಲೇಪ.

ಅನಂತರ ಚಾವಣಿಯನ್ನು ಎತ್ತಿ ನೋಡಬೇಕು. ಬಟ್ಟೆ ಹರಿದಿದ್ದರೆ ಹೊಸದನ್ನು ಹೊಲಿಸಬಹುದು. ಫೈಬರ್ ಚಾವಣಿ ಬಿರುಕುಬಿಟ್ಟು, ಕೀಲುಗಳು ಕಿತ್ತು, ಸೋರಿದ ನೀರಿನಿಂದ ಮರದ ಕಪಾಟುಗಳು ಉಬ್ಬಿದ್ದರೆ ಖರ್ಚು ಏರುತ್ತದೆ; ಮೂಲ ಕಪಾಟುಗಳು ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಇಂಧನದ ಹಳೆಯ ರಬ್ಬರ್ ಕೊಳವೆಗಳು ಸೀಳಿ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಸುರಿದರೆ ವಾಹನವೇ ಹೊತ್ತಿ ಉರಿದೀತು. ಇದು ಮಕ್ಕಳು ಮಲಗುವ ಮನೆ. ಆ ಕೊಳವೆಗಳನ್ನು ಬದಲಿಸದೆ ಎಂಜಿನ್ನನ್ನು ಚಾಲೂ ಮಾಡಲಾಗದು.

ತೊಲೆಗಳು ಗಟ್ಟಿಯಾಗಿದ್ದು, ಒಳಸಜ್ಜು ಉಳಿದಿದ್ದು, ಕಾಗದಪತ್ರದಲ್ಲಿನ ಚಾಸಿ ಸಂಖ್ಯೆಯೂ ವಾಹನದ ಮೇಲಿನದೂ ಒಂದೇ ಆಗಿದ್ದರೆ, ಕೆಟ್ಟ ಎಂಜಿನ್ನಿದ್ದರೂ ಅದು ಜೀರ್ಣೋದ್ಧಾರಕ್ಕೆ ಯೋಗ್ಯ. ತೊಲೆಗಳೇ ಕೊಳೆತಿದ್ದರೆ, ಸಂಸಾರದ ಉಳಿತಾಯವನ್ನು ಅದರಲ್ಲಿ ಸುರಿಯುವುದು ಮೋಹವೇ ಹೊರತು ಕಾಯಕವಲ್ಲ. ಆಗ ಬಿಚ್ಚುವುದಕ್ಕೆ ಹಿಂಜರಿಯಬಾರದು. ಅದರ ಕಿಟಕಿ ಒಂದಕ್ಕೆ, ಕಪಾಟು ಇನ್ನೊಂದಕ್ಕೆ, ಚಾವಣಿ ಮತ್ತೊಂದಕ್ಕೆ ಸಂದರೆ, ನಿಂತುಹೋದ ಒಂದರಿಂದ ಮೂರು ವಾಹನಗಳು ಮತ್ತೆ ದಾರಿ ಹಿಡಿಯುತ್ತವೆ. ಅದನ್ನೂ ನಾವು ದಾಸೋಹವೆಂದೇ ಬಗೆಯುತ್ತೇವೆ.