ಅಡುಗೆಮನೆಯ ಕೈಗಳಲ್ಲಿ ನರಹುಲಿ: ಏನು ಮಾಡಬೇಕು, ಏನು ಬೇಡ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಪಂಚವಟಿಯಲ್ಲಿ ನಮ್ಮ ಸದಸ್ಯರೊಬ್ಬರ ಹೋಟೆಲಿನಲ್ಲಿ ತಿಂಡಿಗೆ ಕುಳಿತಿದ್ದೆವು. ನೀರು ತಂದಿಟ್ಟ ಹುಡುಗನ ಬಲಗೈ ತೋರುಬೆರಳಿಗೆ ಕೊಳಕಾದ ಬಟ್ಟೆಯ ಸುತ್ತು. ಕೇಳಿದರೆ "ಸುಟ್ಟಿತು ಸೇಠ್" ಎಂದ. ಸುಟ್ಟಿದ್ದು ಒಲೆಯಲ್ಲ. ಬೆರಳ ಮೇಲೆ ಎರಡು ನರಹುಲಿ ಎದ್ದಿದ್ದವು. ಗಿರಾಕಿಯೊಬ್ಬರು "ಈ ಕೈಯಲ್ಲಿ ನೀರು ಕೊಡುತ್ತೀಯಾ?" ಎಂದು ಗದರಿದ್ದರು. ಮಾಲೀಕರ ಕಿವಿಗೆ ಬಿದ್ದರೆ ಕೆಲಸ ಹೋದೀತೆಂದು ಹೆದರಿ, ಪಾನ್ ಅಂಗಡಿಯ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಮೂರು ರಾತ್ರಿ ಹಚ್ಚಿಕೊಂಡಿದ್ದ. ನರಹುಲಿ ಇದ್ದಲ್ಲೇ ಇತ್ತು. ಸುತ್ತಲ ಚರ್ಮ ಹೋಗಿ ಕೀವು ತುಂಬಿತ್ತು. ಸಂಜೆಯ ಚಟ್ನಿಗೆ ಕಾಯಿ ತುರಿಯುವವನೂ ಅವನೇ.

ಈ ಲೇಖನ ಬರೆಯಲು ಅದೇ ಕಾರಣ. ನರಹುಲಿಯಿಂದ ನಮ್ಮ ಗಿರಾಕಿಯ ಹೊಟ್ಟೆಗೆ ಅಪಾಯವಿಲ್ಲ. ಅದನ್ನು ಮುಚ್ಚಿಟ್ಟು, ಸುಟ್ಟು, ಕೊಯ್ದು ಮಾಡಿಕೊಂಡ ಗಾಯದಿಂದ ಇದೆ. ನಮ್ಮಲ್ಲಿ ಬಹುತೇಕರು ಇದನ್ನು ತಿರುಗಾಮುರುಗಾ ತಿಳಿದಿದ್ದೇವೆ.

ನರಹುಲಿಯನ್ನು ಇಲ್ಲಿನವರು ಚಾಮಖೀಳ ಎನ್ನುತ್ತಾರೆ. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ ಚರ್ಮದ ಮೇಲ್ಪದರದಲ್ಲಿ ಸೇರಿಕೊಂಡು ಅಲ್ಲಿನ ಕೋಶಗಳನ್ನು ವಿಪರೀತ ಬೆಳೆಸುವುದರಿಂದ ಬರುವ ಗಂಟು ಅದು. ರಕ್ತ ಕೆಟ್ಟಿದ್ದರಿಂದಲೋ ಉಷ್ಣದಿಂದಲೋ ಬರುವುದಲ್ಲ. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿದ್ದು, ಕೈಕಾಲಿನ ಸಾಮಾನ್ಯ ನರಹುಲಿಗೆ 1, 2, 4ರಂಥ ಕೆಲವು ಬಗೆಗಳು ಕಾರಣ. ಮಾಂಸ, ಮೀನು, ಕೋಳಿ ಕೊಯ್ಯುವವರ ಕೈಯಲ್ಲಿ 7ನೇ ಬಗೆ ಹೆಚ್ಚಾಗಿ ಕಾಣುವುದರಿಂದ ವೈದ್ಯರು ಅದಕ್ಕೆ ಕಸಾಯಿಯವರ ನರಹುಲಿ ಎಂದೇ ಹೆಸರಿಟ್ಟಿದ್ದಾರೆ. ಮಾಂಸಾಹಾರಿ ಹೋಟೆಲು ನಡೆಸುವ ಸದಸ್ಯರು ಇದನ್ನು ಗಮನಿಸಬೇಕು.

ವೈರಸ್ ಒಳಹೊಕ್ಕಲು ಚರ್ಮದಲ್ಲಿ ಸಣ್ಣ ಸೀಳು ಸಾಕು. ಇಡೀ ದಿನ ಮೋರಿಯಲ್ಲಿ ಸೋಪುನೀರಿಗೆ ಕೈಯಿಟ್ಟು ತಟ್ಟೆ ತೊಳೆಯುವವನ ಚರ್ಮ ನೆನೆದು ಬೆಳ್ಳಗಾಗಿ ಬಿರಿದಿರುತ್ತದೆ. ಉಗುರಿನ ಅಂಚು ಹರಿದಿರುತ್ತದೆ. ಅದರಿಂದಲೇ ಹೋಟೆಲಿನಲ್ಲಿ ಗಲ್ಲಾದವನಿಗಿಂತ ಮೋರಿಯವನಿಗೆ, ತರಕಾರಿ ಹೆಚ್ಚುವವನಿಗೆ ಇದು ಬರುವ ಸಂಭವ ಜಾಸ್ತಿ. ವೈರಸ್ ತಗಲಿ ಗಂಟು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು ಬೇಕು. ಹಾಗಾಗಿ ಯಾರಿಂದ ಯಾರಿಗೆ ಬಂತೆಂದು ಹುಡುಕಿ ಬೈದು ಫಲವಿಲ್ಲ.

ಊಟದ ಮೂಲಕ ನರಹುಲಿ ಹರಡುವುದಿಲ್ಲ. ಮುಟ್ಟಿದರೆ, ಒಂದೇ ಟವೆಲ್ ಬಳಸಿದರೆ ಹರಡಬಹುದು. ಕೀವಿನ ಕಥೆಯೇ ಬೇರೆ. ಕೀವಾದ ಗಾಯದಲ್ಲಿ ಸಾಮಾನ್ಯವಾಗಿ ಇರುವ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಕಾಯಿ ಚಟ್ನಿ, ಖೋವಾ, ಶ್ರೀಖಂಡದಂಥ ಪದಾರ್ಥಕ್ಕೆ ಬಿದ್ದು ಹೊರಗಿನ ಬಿಸಿಯಲ್ಲಿ ಕೆಲವು ಗಂಟೆ ಕುಳಿತರೆ ವಿಷ ಉತ್ಪತ್ತಿ ಮಾಡುತ್ತದೆ. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹೋಗುವುದಿಲ್ಲ. ತಿಂದವರಿಗೆ ಒಂದರಿಂದ ಆರೇಳು ಗಂಟೆಯೊಳಗೆ ವಾಂತಿ ಶುರು. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳು ಅಡುಗೆ ಕೆಲಸದವರ ವಾರ್ಷಿಕ ವೈದ್ಯಕೀಯ ತಪಾಸಣೆಯನ್ನು ಕೇಳುವುದೂ, ಗಾಯದ ಕೈಯನ್ನು ಆಹಾರದಿಂದ ದೂರವಿಡಿ ಎನ್ನುವುದೂ ಇಂಥ ಕಾರಣಕ್ಕೇ. 2027ರ ಸಿಂಹಸ್ಥಕ್ಕೆ ಹೆಚ್ಚುವರಿ ಹುಡುಗರನ್ನು ಸೇರಿಸಿಕೊಳ್ಳುವ ನಾಸಿಕದ ಸದಸ್ಯರು ಮೊದಲ ದಿನವೇ ಎರಡೂ ಕೈ ಬಿಡಿಸಿ ನೋಡಿದರೆ ಒಳ್ಳೆಯದು. ಓಡಿಸುವುದಕ್ಕಲ್ಲ, ಮದ್ದು ಕೊಡಿಸುವುದಕ್ಕೆ.

ಇನ್ನು ಮನೆಮದ್ದುಗಳ ವಿಚಾರ. ಊರ ಕಡೆಯಿಂದ ಕೇಳುತ್ತ ಬಂದವು ಒಂದೆರಡಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ, ಎಕ್ಕದ ಹಾಲು, ಕಳ್ಳಿ ಹಾಲು, ಪಪ್ಪಾಯಿ ಹಾಲು, ಬೆಳ್ಳುಳ್ಳಿ, ಉತ್ತರಾಣಿ ಬೂದಿ, ಸುಣ್ಣ, ಊದುಬತ್ತಿಯ ಕೆಂಡ, ಬುಡಕ್ಕೆ ಬಿಗಿಯಲು ಕುದುರೆ ಬಾಲದ ಕೂದಲು. ಇಲ್ಲಿಗೆ ಬಂದಮೇಲೆ ಬಿಬ್ಬಾ ಸೇರಿಕೊಂಡಿತು. ಅದು ನಮ್ಮ ಕರಿಗೇರು, ಗೇರಿನ ಕುಟುಂಬದ್ದೇ. ಇವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ಒಂದೇ: ಚರ್ಮವನ್ನು ಸುಡುವುದು. ಹಸಿ ಗೇರುಬೀಜ ಕಚ್ಚಿ ತುಟಿ ಬೊಕ್ಕೆ ಎಬ್ಬಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ಕಿಲೋ ಬೆಳ್ಳುಳ್ಳಿ ಸುಲಿದವನ ಬೆರಳು ಸಂಜೆಗೆ ಹೇಗೆ ಉರಿಯುತ್ತದೆಂದು ನಮ್ಮ ಅಡುಗೆಯವರಿಗೆ ಗೊತ್ತು. ಅದನ್ನೇ ಜಜ್ಜಿ ರಾತ್ರಿಯಿಡೀ ಕಟ್ಟಿದರೆ ಬೊಕ್ಕೆಯೇಳದೆ ಏನಾದೀತು? ಎಕ್ಕ, ಕಳ್ಳಿಗಳ ಹಾಲು ಹಚ್ಚಿದ ಕೈ ಕಣ್ಣಿಗೆ ಹೋದರೆ ದೃಷ್ಟಿಗೇ ಕುತ್ತು. ಉತ್ತರಾಣಿಯ ಕ್ಷಾರ ಆಯುರ್ವೇದದಲ್ಲಿ ಇದೆ ನಿಜ. ಅದನ್ನು ತಯಾರಿಸಿ ಅಳತೆಯಿಂದ ಹಚ್ಚುವುದು ಬಲ್ಲ ವೈದ್ಯರ ಕೆಲಸ, ಹಿತ್ತಲಲ್ಲಿ ಬೂದಿ ಮಾಡುವವರದ್ದಲ್ಲ. ವಿನೆಗರ್ ಹತ್ತಿಯನ್ನು ರಾತ್ರಿಯಿಡೀ ಕಟ್ಟುವುದೂ ಇದೇ ಸಾಲಿಗೆ ಸೇರಿದ್ದು.

"ನಮ್ಮ ಅಜ್ಜಿ ಮಾಡಿದ್ದು ಹೋಗಿತ್ತಲ್ಲ" ಎಂದು ಕೇಳುವಿರಿ. ಹೋಗಿರಬಹುದು. ನರಹುಲಿಯ ಸ್ವಭಾವವೇ ಹಾಗೆ. ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನರಹುಲಿ ಎರಡು ವರ್ಷದೊಳಗೆ ಏನೂ ಮಾಡದೆಯೇ ಮಾಯವಾಗುತ್ತವೆ. ದೊಡ್ಡವರಲ್ಲಿ ಸ್ವಲ್ಪ ನಿಧಾನ. ಶರೀರದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸಿದ ದಿನ ಗಂಟು ಒಣಗಲು ಆರಂಭ. ಅದರ ಹಿಂದಿನ ವಾರ ಬಾಳೆಹಣ್ಣಿನ ಸಿಪ್ಪೆ ಕಟ್ಟಿದ್ದರೆ ಸಿಪ್ಪೆಗೆ ಹೆಸರು ಬರುತ್ತದೆ. ದೇವರಿಗೆ ಉಪ್ಪು-ಮೆಣಸು ಹರಕೆ ಹೇಳಿಕೊಂಡು ಕಾಯುವವರೂ ಇದ್ದಾರೆ. ಹರಕೆ ಹೇಳಿ ಸುಮ್ಮನಿದ್ದವನ ಕೈ ಸುಣ್ಣ ಹಚ್ಚಿದವನ ಕೈಗಿಂತ ಸುರಕ್ಷಿತ ಎಂಬುದಂತೂ ಖಂಡಿತ.

ಅಂಟುಪಟ್ಟಿಯ ಉಪಾಯವೂ ಒಂದುಂಟು. 2002ರಲ್ಲಿ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ನರಹುಲಿಯ ಮೇಲೆ ಡಕ್ಟ್ ಟೇಪ್ ಅಂಟಿಸಿದ್ದರಿಂದ ನೂರಕ್ಕೆ 85 ಮಂದಿಗೆ ಗುಣವಾಯಿತೆಂದು ಸುದ್ದಿಯಾಯಿತು. 2006 ಮತ್ತು 2007ರ ಪರೀಕ್ಷೆಗಳಲ್ಲಿ ಅಷ್ಟು ಫಲ ಸಿಗಲಿಲ್ಲ. ಆದರೂ ಗಂಟನ್ನು ಮುಚ್ಚಿಡುವುದರಿಂದ ಬೇರೆಡೆಗೆ ಹರಡುವುದು ಕಡಿಮೆಯಾದೀತು, ಗಿರಾಕಿಯ ಕಣ್ಣಿಗೂ ಬೀಳದು.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಮದ್ದುಗಳಲ್ಲಿ ನಾವು ಹೇಳುವುದು ಸ್ಯಾಲಿಸಿಲಿಕ್ ಆಸಿಡ್. ಮೆಡಿಕಲ್ ಅಂಗಡಿಯಲ್ಲಿ ಲ್ಯಾಕ್ಟಿಕ್ ಆಸಿಡ್ ಜೊತೆ ಸೇರಿಸಿದ, ಎರಡೂ ಹೆಚ್ಚುಕಡಿಮೆ ನೂರಕ್ಕೆ 17ರಷ್ಟಿರುವ ದ್ರವ ಸಿಗುತ್ತದೆ. ಇದೂ ಆಸಿಡ್ಡೇ ಅಲ್ಲವೇ ಎಂದರೆ ಹೌದು, ಆದರೆ ಅಳತೆಯದ್ದು. ಪದರ ಪದರವಾಗಿ ನಿಧಾನಕ್ಕೆ ಸಡಿಲಿಸುತ್ತದೆ. ರಾತ್ರಿ ಕೆಲಸ ಮುಗಿದ ಮೇಲೆ ಬೆರಳನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಸತ್ತ ಚರ್ಮವನ್ನು ಹಗುರವಾಗಿ ಉಜ್ಜಬೇಕು. ರಕ್ತ ಬರುವಷ್ಟು ಬೇಡ. ಆ ಕಲ್ಲು ಅವನೊಬ್ಬನದೇ ಆಗಿರಬೇಕು, ಗುಣವಾದ ಮೇಲೆ ಎಸೆಯಬೇಕು. ಸುತ್ತಲ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ಗಂಟಿನ ಮೇಲೆ ಮಾತ್ರ ಒಂದು ಹನಿ ಹಾಕಿ, ಒಣಗಿದ ಮೇಲೆ ಪಟ್ಟಿ ಅಂಟಿಸಬೇಕು. ಇಂಥ ಹಲವು ದ್ರವಗಳಿಗೆ ಬೆಂಕಿ ತಕ್ಷಣ ಹತ್ತುತ್ತದೆ. ಒಲೆ, ಬರ್ನರ್, ಬೀಡಿ ಹತ್ತಿರ ಬಾಟಲಿ ತೆರೆಯಲೇಬಾರದು, ಅಡುಗೆಮನೆಯಲ್ಲಿ ಇಡಲೂಬಾರದು.

ಇದನ್ನು ದಿನವೂ ಮೂರು ತಿಂಗಳವರೆಗೆ ಮಾಡಬೇಕಾದೀತು. ಹೆಚ್ಚಿನವರು ಸೋಲುವುದು ಇಲ್ಲೇ. ಎರಡು ವಾರ ಹಚ್ಚಿ "ಉಪಯೋಗವಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಚರ್ಮ ಕೆಂಪಾಗಿ ಉರಿದರೆ ಎರಡು ಮೂರು ದಿನ ಬಿಟ್ಟು ಮತ್ತೆ ಆರಂಭಿಸಬಹುದು. ಎಲ್ಲರಿಗೂ ಹೋಗುತ್ತದೆಂಬ ಭರವಸೆ ಯಾವ ಮದ್ದಿನಲ್ಲೂ ಇಲ್ಲ. ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತಸಂಚಾರ ಕಡಿಮೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹಚ್ಚಬಾರದು. ಮುಖದ ಮೇಲೆ, ಗುಪ್ತಾಂಗದಲ್ಲಿ ಯಾರೂ ಹಚ್ಚಬಾರದು. ನಮ್ಮಲ್ಲಿ ಅನೇಕ ಹಿರಿಯ ಮಾಲೀಕರಿಗೆ ಸಕ್ಕರೆ ಇದೆ, ಅಂಗಾಲಿನಲ್ಲಿ ಆಣಿಯೂ ಇದೆ, ಅದನ್ನು ಬ್ಲೇಡಿನಿಂದ ಕೆರೆಯುವ ಅಭ್ಯಾಸವೂ ಇದೆ! ದಯವಿಟ್ಟು ನಿಲ್ಲಿಸಿ. ಅಂಗಾಲಿನದು ಆಣಿಯೋ ನರಹುಲಿಯೋ ಎಂಬುದಕ್ಕೆ ಒಂದು ಗುರುತು: ನೇರವಾಗಿ ಒತ್ತಿದರೆ ನೋಯುವುದು ಸಾಮಾನ್ಯವಾಗಿ ಆಣಿ, ಎರಡೂ ಬದಿಯಿಂದ ಹಿಂಡಿದರೆ ನೋಯುವುದು ಮತ್ತು ಒಳಗೆ ಸಣ್ಣ ಕಪ್ಪು ಚುಕ್ಕೆ ಕಾಣುವುದು ನರಹುಲಿ. ಆ ಕಪ್ಪು ಚುಕ್ಕೆಗಳು ಬೇರಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ನಾಳಗಳು. ಬೇರು ಕೀಳುತ್ತೇನೆಂದು ಸೂಜಿ ಹಾಕುವುದು ಬೇಡ.

ತಡೆಗಟ್ಟಲು ಹೆಚ್ಚು ಖರ್ಚಿಲ್ಲ. ಮೋರಿಯಲ್ಲಿ ತೊಳೆಯುವವರಿಗೆ ತಲಾ ಒಂದು ಜೊತೆ ರಬ್ಬರ್ ಕೈಗವಸು ಕೊಡಿ, ಕೈ ಒಣಗಿಸಿಕೊಳ್ಳದೆ ಹಾಕಿಕೊಳ್ಳಲು ಬಿಡಬೇಡಿ. ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಸವರಿದರೆ ಬಿರುಕು ಕಡಿಮೆಯಾಗುತ್ತದೆ. ಎಣ್ಣೆ ನರಹುಲಿಯನ್ನು ಕರಗಿಸುವುದಿಲ್ಲ, ವೈರಸ್ಸಿಗೆ ಬಾಗಿಲು ಮುಚ್ಚುತ್ತದೆ ಅಷ್ಟೇ. ಹುಡುಗರು ಮಲಗುವ ಕೋಣೆಯಲ್ಲಿ ಒಂದೇ ಟವೆಲ್, ಒಂದೇ ರೇಜರ್ ಓಡಾಡುವುದನ್ನು ನಿಲ್ಲಿಸಿ. ಬಚ್ಚಲಿಗೆ ಚಪ್ಪಲಿ ಹಾಕಿ ಹೋಗಲಿ. ಉಗುರು ಕಚ್ಚುವವನಿಗೆ ತಿಳಿಸಿ ಹೇಳಿ. ಕೊರೋನಾ ಕಾಲದಿಂದ ಗಲ್ಲಾ ಮೇಲಿರುವ ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪುನೀರೇ ಮೇಲು.

ಮೊದಲೇ ಹೇಳಿದ ಹುಡುಗನ ವಿಷಯ. ಸದಸ್ಯರು ಅವನನ್ನು ಅಂದೇ ವೈದ್ಯರಿಗೆ ತೋರಿಸಿದರು. ಕೀವು ಒಣಗುವವರೆಗೆ ಹತ್ತು ದಿನ ಸಂಬಳ ಸಹಿತ ಪಾರ್ಸೆಲ್ ಕೌಂಟರಿನಲ್ಲಿ ಬಿಲ್ಲು ಹರಿಯುವ ಕೆಲಸ ಕೊಟ್ಟರು. ಸಂಬಳ ಹಿಡಿದಿದ್ದರೆ ಮುಂದಿನ ಹುಡುಗ ಕೈ ತೋರಿಸುತ್ತಿರಲಿಲ್ಲ, ಅದು ನಮಗೆ ಗೊತ್ತಿರಲಿ. ಗಾಯ ಮಾಗಿದ ಮೇಲೆ ಆಸಿಡ್ ಆರಂಭಿಸಿದರು. ಒಂದು ಗಂಟು ಹೋಯಿತು. ಉಗುರಿನ ಪಕ್ಕದ್ದು ಹಠ ಹಿಡಿದು ಕುಳಿತಿತ್ತು, ಅದನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ತೆಗೆಸಬೇಕಾಯಿತು. ಅದು ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ಎರಡು ಮೂರು ವಾರಕ್ಕೊಮ್ಮೆ ಹೋಗಬೇಕು, ಪ್ರತಿ ಸಲವೂ ಕೆಲವು ದಿನ ಬೊಕ್ಕೆ ಇರುತ್ತದೆ, ಆ ದಿನಗಳಲ್ಲಿ ಮೋರಿ ಕೆಲಸ ಕೂಡದು.

ಮೂರು ತಿಂಗಳಲ್ಲಿ ಹೋಗದಿದ್ದರೆ, ಬೇಗ ಬೇಗ ಹೆಚ್ಚುತ್ತಿದ್ದರೆ, ರಕ್ತ ಬರುತ್ತಿದ್ದರೆ, ಐವತ್ತು ದಾಟಿದವರಲ್ಲಿ ಹೊಸದಾಗಿ ಎದ್ದಿದ್ದರೆ ಚರ್ಮವೈದ್ಯರಿಗೇ ತೋರಿಸಬೇಕು. ನಾಸಿಕದಲ್ಲಿ ಸಿವಿಲ್ ಆಸ್ಪತ್ರೆ ಇದೆ. ಪಂಚವಟಿಯ ಸದಸ್ಯರಿಗೆ ಆಡಗಾಂವ್‌ನ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ದೂರವಲ್ಲ. ಛತ್ರಪತಿ ಸಂಭಾಜಿನಗರದವರಿಗೆ ಘಾಟಿ ಆಸ್ಪತ್ರೆಯ ಚರ್ಮ ವಿಭಾಗವಿದೆ. ಊರಿನಿಂದ ಹೊಸದಾಗಿ ಬಂದ ಹುಡುಗನಾದರೆ ಜೊತೆಯಲ್ಲಿ ಮರಾಠಿ ಬಲ್ಲ ಒಬ್ಬರನ್ನು ಕಳಿಸಿ, ಬೆಳಿಗ್ಗೆ ತಿಂಡಿಯ ಗಲಾಟೆಯೆಂದು ತಡ ಮಾಡಬೇಡಿ.